ದೇಹ ನಿಂತಲ್ಲಿ, ಕ್ರಿಯೆ ದೂರದಲ್ಲಿ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನವನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆಯದು. ದೂರದಿಂದ ಬಂದದ್ದು ಮಾತು. ಅದನ್ನು ಧರಿಸಿದ ಕಲ್ಲು ಇಲ್ಲಿಯದೇ.

ವಿಜ್ಞಾನವು ‘ಟೆಲಿಪೋರ್ಟೇಷನ್’ ಎನ್ನುವುದೂ ಒಂದರ್ಥದಲ್ಲಿ ಇಂಥದೇ. 1993ರಲ್ಲಿ ಆರು ಮಂದಿ ವಿಜ್ಞಾನಿಗಳು ಇದರ ತತ್ತ್ವವನ್ನು ಮಂಡಿಸಿದರು. 1997ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಅದು ಬೆಳಕಿನ ಕಣಗಳಲ್ಲಿ ಸಿದ್ಧಿಸಿತು. 2017ರಲ್ಲಿ ಚೀನಾದ ವಿಜ್ಞಾನಿಗಳು ಭೂಮಿಯಿಂದ ಉಪಗ್ರಹಕ್ಕೆ, 1,400 ಕಿಲೋಮೀಟರುಗಳವರೆಗೆ, ಅದನ್ನು ಸಾಧಿಸಿದರು. ಇಲ್ಲಿ ಕಣವು ಪ್ರಯಾಣ ಮಾಡುವುದಿಲ್ಲ. ಅದರ ಸ್ಥಿತಿಯು ದೂರದ ಮತ್ತೊಂದು ಕಣದಲ್ಲಿ ಮೂಡುತ್ತದೆ, ಮೂಲದಲ್ಲಿ ಅಳಿಯುತ್ತದೆ. ಜೈನ ಪರಿಭಾಷೆಯಲ್ಲಿ ಹೇಳುವುದಾದರೆ ದ್ರವ್ಯವು ಕದಲದು. ಒಂದರ ಪರ್ಯಾಯದಂಥ ಪರ್ಯಾಯವು ಮತ್ತೊಂದರಲ್ಲಿ ತೋರುವುದು. ಇದಕ್ಕೆ ಸಾಮಾನ್ಯ ಸಂದೇಶವೊಂದರ ನೆರವೂ ಬೇಕಾದುದರಿಂದ ಬೆಳಕಿನ ವೇಗವನ್ನು ಮೀರಲಾಗದು. ಮನುಷ್ಯದೇಹದ ಪರಮಾಣುಗಳ ಸಂಖ್ಯೆಯನ್ನು ಬರೆಯಲು ಏಳರ ಮುಂದೆ ಇಪ್ಪತ್ತೇಳು ಸೊನ್ನೆಗಳು ಬೇಕು. ಆದುದರಿಂದ ಮನುಷ್ಯನನ್ನು ಹೀಗೆ ಕಳುಹಿಸುವ ಮಾರ್ಗವು ಇಂದು ಕಾಣುತ್ತಿಲ್ಲ.

ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯು ಶಾಲಾ ಶಿಕ್ಷಕರಿಗೆ ವಿಜ್ಞಾನದ ತರಬೇತಿಯನ್ನು ನೀಡುತ್ತದೆ. ‘ಇದು ಸಾಧ್ಯವೇ?’ ಎಂದು ಕೇಳುವ ಮಕ್ಕಳಿಗೆ ಅಂಥ ಶಿಕ್ಷಕರು ಉತ್ತರಿಸಬಲ್ಲರು. ಶ್ರಾವಕನಾದರೋ ಮತ್ತೊಂದನ್ನು ಕೇಳಬೇಕು: ದೇಹವು ಹೋಗದಿದ್ದರೆ ಹೊಣೆಯೂ ಹೋಗುವುದಿಲ್ಲವೇ?

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಇದಕ್ಕೆ ಸ್ಪಷ್ಟ ಉತ್ತರವನ್ನಿತ್ತಿದ್ದಾರೆ. ಇಷ್ಟು ಕಾಲ ಇಷ್ಟು ಕ್ಷೇತ್ರವನ್ನು ದಾಟೆನೆಂಬುದು ದೇಶವ್ರತ. ವ್ರತಿಯು ಗಡಿಯೊಳಗೇ ಕುಳಿತಿದ್ದರೂ ಹೊರಗಿನಿಂದ ವಸ್ತುವನ್ನು ತರಿಸಿದರೆ, ಆಳನ್ನು ಕಳುಹಿಸಿ ಕೆಲಸ ಮಾಡಿಸಿದರೆ, ದನಿಯಿಂದ ಸೂಚನೆ ಕೊಟ್ಟರೆ, ತನ್ನ ರೂಪವನ್ನು ತೋರಿದರೆ, ಕಲ್ಲುಮಣ್ಣನ್ನು ಎಸೆದು ಸನ್ನೆ ಮಾಡಿದರೆ ಅವು ಐದೂ ಅತಿಚಾರಗಳೇ. ಕಾಲು ದಾಟದಿದ್ದರೂ ಸಂಕಲ್ಪವು ದಾಟಿತಲ್ಲವೇ!

ಟೆಲಿಪೋರ್ಟೇಷನ್ ಇನ್ನೂ ಪ್ರಯೋಗಶಾಲೆಯ ಮಾತು. ಮೊಬೈಲ್ ಫೋನ್ ಮನೆಮನೆಯ ಮಾತು. ಮದುವೆಗೆಂದೋ ಪೂಜೆಗೆಂದೋ ಮನೆಯಿಂದಲೇ ರೇಷ್ಮೆ ಸೀರೆಗಳನ್ನು ತರಿಸಿಕೊಳ್ಳುವುದು ಈಗ ಸುಲಭ. ಮೊಳಕಾಲ್ಮುರಿನ ನೇಕಾರರ ಕುಶಲತೆಯು ಸ್ತುತ್ಯವಾದುದೇ. ಆದರೆ ಸಾಮಾನ್ಯ ರೀತಿಯಲ್ಲಿ ರೇಷ್ಮೆಯನ್ನು ತೆಗೆಯುವಾಗ ಗೂಡಿನೊಳಗಿನ ಜೀವವು ಹಬೆ, ಬಿಸಿನೀರುಗಳಿಗೆ ಸಿಕ್ಕಿ ಸಾಯುತ್ತದೆ. ಆ ಒಲೆಯ ಬಳಿ ಶ್ರಾವಕನು ನಿಂತಿಲ್ಲ. ಅವನ ಬೇಡಿಕೆಯು ನಿಂತಿದೆ. ಬಸದಿಯ ಉತ್ಸವಗಳಿಗೆ ವಸ್ತ್ರಗಳನ್ನು ಕೊಳ್ಳುವ ಟ್ರಸ್ಟುಗಳು ಇದನ್ನು ವಿಚಾರಿಸುವುದು ಯುಕ್ತ.

ಬ್ರಹ್ಮಗಿರಿಗೆ ಬಂದ ಆಜ್ಞೆಯಲ್ಲಿ ಪ್ರಾಣಿಗಳ ವಿಷಯದಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು ಎಂಬ ಉಪದೇಶವಿದೆ. ದೂರಕ್ಕೆ ಕಳುಹಿಸತಕ್ಕದ್ದು ಅಂಥ ಮಾತು.