ರಥಕ್ಕೆ ಕಡಿವಾಣ

ವಿಶ್ರಾಂತರಾದ ಮೇಲೆ ಯಾತ್ರೆಗೆಂದು ನಾವು ಹಳೆಯ ಮೆಟಡೋರ್ ಗಾಡಿಯೊಂದನ್ನು ಜನವಾಡಕ್ಕೆ ತಂದು, ಮಂಚ, ಒಲೆ, ಪರದೆಗಳಿಂದ ಅದನ್ನು ಸಜ್ಜುಗೊಳಿಸಿದೆವು. ಬ್ರೇಕನ್ನು ಮಾತ್ರ ವಿಚಾರಿಸಲಿಲ್ಲ.

ಶ್ರೀಶೈಲದಿಂದ ಹಿಂದಿರುಗುವಾಗ, ಕೃಷ್ಣೆಯ ಅಣೆಕಟ್ಟಿನತ್ತ ಇಳಿಯುವ ಘಟ್ಟದಲ್ಲಿ, ತುಳಿದ ಬ್ರೇಕು ನೆಲಕ್ಕೆ ಕುಸಿಯಿತು. ಹಿಂದೆ ಮೊಮ್ಮಕ್ಕಳು ನಿದ್ರಿಸುತ್ತಿದ್ದರು. ಗೇರನ್ನು ತಗ್ಗಿಸಿ, ಕೈಬ್ರೇಕು ಎಳೆದು, ಗಾಡಿಯನ್ನು ಗುಡ್ಡದ ಬದಿಗೆ ಒರಗಿಸಿ ಹೇಗೋ ನಿಲ್ಲಿಸಿದೆವು.

“ಮಾಸ್ತರ್ರೇ, ಆಯಿಲ್ ಕುದ್ದದ, ಲೈನರ್ ಸವದಾವ,” ಎಂದನು ಬೀದರಿನ ಮಿಸ್ತ್ರಿ. ಬ್ರೇಕಿನ ದ್ರವವು ಗಾಳಿಯ ತೇವವನ್ನು ಹೀರುತ್ತದೆಯಂತೆ. ಡಾಟ್ ೩ ಎಂಬ ದ್ರವವು ಹೊಸದಾಗಿದ್ದಾಗ ೨೦೫ ಡಿಗ್ರಿಯವರೆಗೂ ತಾಳಬೇಕು. ತೇವ ಹೀರಿದ ಮೇಲೆ ೧೪೦ ಡಿಗ್ರಿಗೇ ಕುದಿಯಬಹುದು. ಆಗ ಹುಟ್ಟುವ ಆವಿಯು ಅದುಮಿದರೆ ಕುಗ್ಗುವುದರಿಂದ ಕಾಲಿನ ಬಲವು ಚಕ್ರವನ್ನು ಮುಟ್ಟದು.

ಡಿಸ್ಕ್ ಬ್ರೇಕನ್ನು ಹಾಕಿಸುವ ಆಸೆಯಿತ್ತು. ಆದರೆ ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಪ್ರಕರಣವು ತಯಾರಕರ ಮೂಲರಚನೆಯನ್ನು ಮೀರಿದ ಮಾರ್ಪಾಟನ್ನು ನಿರ್ಬಂಧಿಸುತ್ತದೆ. ಆದುದರಿಂದ ನಾಲ್ಕೂ ಚಕ್ರಗಳಿಗೆ ಹೊಸ ಲೈನರ್, ಸಿಲಿಂಡರುಗಳಿಗೆ ಹೊಸ ರಬ್ಬರು, ಹೆಚ್ಚು ಶಾಖ ತಾಳುವ ಡಾಟ್ ೪ ದ್ರವ ಇಷ್ಟನ್ನು ಹಾಕಿಸಿದೆವು. ಈಗ ಇಳಿಜಾರಿನಲ್ಲಿ ಮೊದಲೇ ಗೇರು ತಗ್ಗಿಸುತ್ತೇವೆ.

ಮನಸ್ಸೇ ಲಗಾಮೆಂಬ ಕಠೋಪನಿಷತ್ತಿನ ರಥದ ದೃಷ್ಟಾಂತವನ್ನು ನಾವು ಎಷ್ಟೋ ವರ್ಷ ಮಕ್ಕಳಿಗೆ ಬೋಧಿಸಿದವರು. ನಮ್ಮ ರಥಕ್ಕೆ ಪರದೆ ಕಟ್ಟಿ, ಲಗಾಮನ್ನೇ ಮರೆತಿದ್ದೆವು!