ಮಲ್ಪೆಯ ಕಡಲ ಮೇಲೆ

ಸಮುದ್ರವನ್ನು ದಡದಲ್ಲಿ ನಿಂತು ನೋಡಿ ಹೊಗಳಿದವರು ಬಹಳ ಮಂದಿ. ಸಮುದ್ರದ ಮೇಲೆ ನಿಂತು ನೆಲವನ್ನು ನೋಡುವ ಯೋಗ ಎಲ್ಲರಿಗೂ ಒದಗುವುದಿಲ್ಲ. ರಾಗಿಯ ಹೊಲಗಳ ನಡುವೆ ಬೆಳೆದ ನನಗಂತೂ ಊರ ಕೆರೆಗಿಂತ ದೊಡ್ಡ ನೀರಿನ ಪರಿಚಯವಿರಲಿಲ್ಲ. ಕಳೆದ ಜನವರಿಯಲ್ಲಿ ನಮ್ಮ ತರಗತಿಯವರು ಅಧ್ಯಾಪಕರೊಡನೆ ಉಡುಪಿಗೆ ಪ್ರವಾಸ ಹೋದಾಗ, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಯಲ್ಲಿ ಹೋಗಿಬರುವ ಅವಕಾಶ ದೊರೆಯಿತು.

ಬಂದರಿನ ಒಳಗೆ ನೀರು ಸಾಧುವಾಗಿತ್ತು. ಅಳಿವೆಯನ್ನು ದಾಟಿ ತೆರೆದ ಕಡಲಿಗೆ ಬಂದೊಡನೆ ದೋಣಿಯ ಮೂತಿ ಮೇಲೆದ್ದು ಕೆಳಗಿಳಿಯತೊಡಗಿತು. ಅದುವರೆಗೆ ಹಾಡುತ್ತಿದ್ದ ಮಿತ್ರರು ಒಬ್ಬೊಬ್ಬರಾಗಿ ಮೌನವ್ರತ ಹಿಡಿದರು. ದೋಣಿ ನಡೆಸುವವರನ್ನು ಅಲ್ಲಿ ತಾಂಡೇಲರೆನ್ನುತ್ತಾರೆ. ನಮ್ಮ ತಾಂಡೇಲರು ಮುಂದೆ ನೋಡಿದಷ್ಟೇ ಸಲ ಹಿಂದಿರುಗಿ ದಡವನ್ನೂ ನೋಡುತ್ತಿದ್ದರು. ಕಾರಣ ಕೇಳಿದೆ.

“ಗುಡ್ಡ ಉಂಟಲ್ಲ, ಅದರ ನೇರಕ್ಕೆ ಯಾವ ತೆಂಗಿನ ತೋಪು ಬರ್ತದೆ ಅಂತ ನೋಡ್ಬೇಕು. ಈಗ ಯಂತ್ರ ದಾರಿ ತೋರಿಸ್ತದೆ ಮಾರಾಯ್ರೆ. ಆದ್ರೂ ಕಣ್ಣು ಬೇಕು.”

ಮೋಡದ ಬಣ್ಣ ನೋಡಿ ಬಿತ್ತನೆಯ ದಿನ ಹೇಳುವ ನನ್ನ ತಂದೆಯ ನೆನಪಾಯಿತು.

ದ್ವೀಪದ ಕಲ್ಲುಗಳು ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿದಂತಿವೆ. ಹಲವಕ್ಕೆ ಆರು ಮುಖ. ಕಾದು ಕರಗಿದ ಶಿಲಾರಸವು ತಣಿದು ಕುಗ್ಗುವಾಗ ಬಿರಿದು ಹೀಗಾಯಿತೆಂದು ಅಧ್ಯಾಪಕರು ವಿವರಿಸಿದರು. ಅವುಗಳ ವಯಸ್ಸು ಸುಮಾರು 8.8 ಕೋಟಿ ವರ್ಷ. ಮಡಗಾಸ್ಕರ್ ನಮ್ಮ ನೆಲದಿಂದ ಅಗಲಿದ ಕಾಲದ ಗುರುತಂತೆ ಅವು! 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದನೆಂಬ ಪ್ರತೀತಿಯೂ ಇದೆ. ಆ ಕಲ್ಲಿನ ಲೆಕ್ಕದಲ್ಲಿ ಅವನು ನಿನ್ನೆ ಸಂಜೆ ಬಂದುಹೋದ ಅತಿಥಿ.

ಮರಳಿ ಬಂದ ಮೇಲೆ ಬಂದರಿನಲ್ಲಿ ಒಂದು ಗಂಟೆ ಬಿಡುವಿತ್ತು. ಮೀನಿನ ರಾಶಿ, ಹರಾಜಿನ ಕೂಗು, ಮಂಜುಗಡ್ಡೆಯ ಪುಡಿ, ಬುಟ್ಟಿ ಹೊತ್ತ ಹೆಂಗಸರ ಚುರುಕು ಮಾತು – ಎಲ್ಲವನ್ನೂ ನೋಡುತ್ತ, ಇದು ಕಡಲಿನ ಕಣ ಎನಿಸಿತು. ಜೂನ್ 1ರಿಂದ ಜುಲೈ 31ರವರೆಗೆ ಇಲ್ಲಿ ಯಂತ್ರದ ದೋಣಿಗಳು ಮೀನಿಗೆ ಹೋಗುವಂತಿಲ್ಲ. ಅದು ಮೀನು ಮರಿಮಾಡುವ ಕಾಲ. ಬಿತ್ತನೆಯ ಬೀಜವನ್ನು ಹಸಿವಾದರೂ ತಿನ್ನಬಾರದೆಂಬ ನಮ್ಮೂರ ನೀತಿ ಕಡಲಿಗೂ ಇದೆ.

ಚಹದಂಗಡಿಯಲ್ಲಿ ತಾಂಡೇಲರು ಮತ್ತೆ ಸಿಕ್ಕರು. ಬಿರುಗಾಳಿಗೆ ಸಿಕ್ಕ ಹಡಗೊಂದನ್ನು ಮಧ್ವಾಚಾರ್ಯರು ಉತ್ತರೀಯ ಬೀಸಿ ಇದೇ ದಡಕ್ಕೆ ಕರೆದರೆಂಬ ಕಥೆಯನ್ನು ನಾನು ಎತ್ತಿದೆ. ಅವರು ಕೈಮುಗಿದು, ಸ್ವಲ್ಪ ಹೊತ್ತು ಸುಮ್ಮನಿದ್ದು, ಇನ್ನೊಂದು ದೋಣಿಯ ಮಾತು ಹೇಳಿದರು. 2018ರ ಡಿಸೆಂಬರಿನಲ್ಲಿ ಏಳು ಮಂದಿಯೊಡನೆ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಮರಳಲಿಲ್ಲ. 2019ರ ಮೇ ತಿಂಗಳಲ್ಲಿ ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಆಚೆ ಕಡಲ ತಳದಲ್ಲಿ ಕಂಡಿತು.

“ನನ್ನ ಮಗ ಕಾಲೇಜಿಗೆ ಹೋಗ್ತಾನೆ. ಅವನಿಗೆ ಕಡಲು ಬೇಡ” ಎಂದರು.

ನನ್ನ ತಂದೆಯೂ ನನಗೆ ಹೇಳಿದ್ದು ಅದೇ ಮಾತು. ಕಡಲಿನ ಬದಲು ಹೊಲವೆಂದಿದ್ದರು, ಅಷ್ಟೆ. ಮಳೆಯ ಮುಖ ನೋಡಿ ಬದುಕುವ ಕಷ್ಟ ಮಗನಿಗೆ ಬೇಡವೆಂದು ಅವರು ನನ್ನನ್ನು ಓದಿಸಿದರು. ಅವರ ಪ್ರೀತಿ ದೊಡ್ಡದು. ಆದರೆ ಗುಡ್ಡಕ್ಕೂ ತೋಪಿಗೂ ಗೆರೆ ಎಳೆದು ದಾರಿ ಕಾಣುವ ವಿದ್ಯೆ, ಮೋಡವನ್ನು ಓದುವ ವಿದ್ಯೆ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಪದವೀಧರರಾಗುವ ನಾವು ಅದನ್ನು ಕೇಳಿ ತಿಳಿಯದಿದ್ದರೆ ಅದು ಆ ಹಿರಿಯರೊಡನೆಯೇ ಮುಗಿಯುತ್ತದೆ. ಪರೀಕ್ಷೆ ಮುಗಿದ ಬಳಿಕ ಈ ಬೇಸಗೆಯಲ್ಲಿ, ಮೊದಲ ಮಳೆ ಬೀಳುವ ತನಕ ತಂದೆಯ ಜೊತೆ ಹೊಲಕ್ಕೆ ಹೋಗಬೇಕೆಂದಿದ್ದೇನೆ.