ಗ್ಲೆಂಡೇಲಿನ ಅಜ್ಜಂದಿರೂ ಮೊಮ್ಮಕ್ಕಳೂ

ಕಳೆದ ಬೇಸಗೆಯಲ್ಲಿ ಮಗನ ಸಂಸಾರವನ್ನು ನೋಡಿ ಬರಲೆಂದು ಅಮೆರಿಕಕ್ಕೆ ಹೋದವನು, ಕ್ಯಾಲಿಫೋರ್ನಿಯಾ ಸಂಸ್ಥಾನದ ಗ್ಲೆಂಡೇಲ್ ಎಂಬ ಊರಿನಲ್ಲಿ ಎರಡು ತಿಂಗಳು ನಿಂತಿದ್ದೆನು. ಲಾಸ್ ಏಂಜಲೀಸ್ ಮಹಾನಗರಕ್ಕೆ ಉತ್ತರದಲ್ಲಿ, ವೆರ್ಡೂಗೋ ಬೆಟ್ಟಗಳ ಬುಡದಲ್ಲಿ ಹರಡಿಕೊಂಡಿರುವ ಈ ಉಪನಗರವು 1906ರಲ್ಲಿ ಪ್ರತ್ಯೇಕ ಪುರಸಭೆಯಾಯಿತು. 2020ರ ಖಾನೇಷುಮಾರಿಯಂತೆ ಇಲ್ಲಿಯ ಜನಸಂಖ್ಯೆಯು 1,96,000ಕ್ಕೆ ತುಸು ಹೆಚ್ಚು. ಅವರಲ್ಲಿ ಸುಮಾರು ಮೂರರಲ್ಲೊಂದು ಪಾಲಿಗೆ ಕಡಮೆಯಿಲ್ಲದಷ್ಟು ಮಂದಿ ಅರ್ಮೇನಿಯನರು. ಅಮೆರಿಕಕ್ಕೆ ಹೋಗಿ ಬಂದವನು ಬೇರೊಂದು ಜನಾಂಗದ ಕಥೆಯನ್ನು ಹೇಳತೊಡಗಿದನಲ್ಲಾ ಎಂದು ವಾಚಕರು ಬೇಸರಪಡಬಾರದು. ಈ ಕಥೆಯಲ್ಲಿ ನಮ್ಮದೂ ಒಂದು ಪಾಲುಂಟು.

ಬೆಳಗಿನ ಹೊತ್ತು ಸಮೀಪದ ಉದ್ಯಾನಕ್ಕೆ ತಿರುಗಾಡಲು ಹೋಗುವುದು ನನ್ನ ರೂಢಿಯಾಯಿತು. ಅಲ್ಲಿ ಮರದ ನೆರಳಿನಲ್ಲಿ ತಲೆ ನರೆತವರು ಹತ್ತಾರು ಮಂದಿ ಕುಳಿತು, 'ನಾರ್ದಿ' ಎಂಬ ದಾಳದ ಆಟವನ್ನಾಡುತ್ತಿದ್ದರು. ನಮ್ಮ ಹಳ್ಳಿಯ ಪಗಡೆಕಟ್ಟೆಯ ಗದ್ದಲವೇ ಅಲ್ಲಿಯೂ. ಅವರಾಡುತ್ತಿದ್ದುದೆಲ್ಲವೂ ಅರ್ಮೇನಿಯನ್ ಮಾತು. ಇಪ್ಪತ್ತು ಹೆಜ್ಜೆಯಾಚೆ ಉಯ್ಯಾಲೆಗಳ ಬಳಿಯಲ್ಲಿ ಅವರ ಮೊಮ್ಮಕ್ಕಳು ಆಡುತ್ತಿದ್ದರು. ಅವರ ನಗೆಯೂ ಜಗಳವೂ ಇಂಗ್ಲಿಷಿನಲ್ಲಿ.

ಅರ್ಮೇನಿಯನ್ ಅಲ್ಪವಾದ ಭಾಷೆಯಲ್ಲ. ಮೆಸ್ರೋಪ್ ಮಾಷ್ಟೋಟ್ಸ್ ಎಂಬ ಯತಿಯು ಸುಮಾರು 405ರಲ್ಲಿ ಅದಕ್ಕೆ 36 ಅಕ್ಷರಗಳ ಲಿಪಿಯನ್ನು ಕಲ್ಪಿಸಿದನು. ಮುಂದೆ ಎರಡು ಸೇರಿ ಈಗ 38 ಆಗಿವೆ. 1915ರಲ್ಲಿ ತುರ್ಕರ ಆಳಿಕೆಯಲ್ಲಿ ನಡೆದ ಘೋರ ಸಂಹಾರದಿಂದ ಅಳಿದುಳಿದವರು ದೇಶದೇಶಗಳಿಗೆ ಚದುರಿದರು. ಗ್ಲೆಂಡೇಲಿಗೆ ಅವರು ಬಂದುದು ಒಂದೇ ಸಲವಲ್ಲ. 1975ರಲ್ಲಿ ಲೆಬನಾನಿನ ಅಂತರ್ಯುದ್ಧ, 1979ರಲ್ಲಿ ಇರಾನಿನ ಕ್ರಾಂತಿ, 1988ರಲ್ಲಿ ಅರ್ಮೇನಿಯದ ಭೂಕಂಪ, 1991ರಲ್ಲಿ ಸೋವಿಯತ್ ಒಕ್ಕೂಟದ ಒಡಕು—ಒಂದೊಂದು ವಿಪತ್ತೂ ಒಂದೊಂದು ತಂಡವನ್ನು ಇತ್ತ ಅಟ್ಟಿತು. ಹಿಂದೆ ಬಂದವರ ಮಕ್ಕಳು ಮಾತನ್ನು ಮರೆಯುವ ವೇಳೆಗೆ ಹೊಸಬರು ಬಂದು ಅದನ್ನು ಮತ್ತೆ ತುಂಬಿದರು. ಮೇಲಿನ ಹಳ್ಳದಿಂದ ನೀರು ಬರುತ್ತಿರುವವರೆಗೂ ಕೆರೆಯ ತೂಬು ಸೋರುವುದು ಯಾರ ಕಣ್ಣಿಗೂ ಬೀಳದಷ್ಟೆ!

ಸೋರುವುದನ್ನು ಕಾಣಬೇಕಾದರೆ ವಯಸ್ಸಿನ ಲೆಕ್ಕವನ್ನು ನೋಡಬೇಕು. ಅಮೆರಿಕದ ಸರ್ಕಾರವು ಪ್ರತಿವರ್ಷವೂ ಆಯ್ದ ಮನೆಗಳಿಗೆ ಒಂದು ಪ್ರಶ್ನಪತ್ರವನ್ನು ಕಳುಹಿಸಿ, ಐದು ವರ್ಷ ತುಂಬಿದ ಪ್ರತಿಯೊಬ್ಬನೂ ಮನೆಯಲ್ಲಿ ಇಂಗ್ಲಿಷಲ್ಲದ ಭಾಷೆಯನ್ನಾಡುವನೆ, ಆಡಿದರೆ ಯಾವುದನ್ನು ಎಂದು ಕೇಳುತ್ತದೆ. ಬಂದ ಉತ್ತರಗಳನ್ನು 5ರಿಂದ 17, 18ರಿಂದ 64, 65 ಮತ್ತು ಮೇಲ್ಪಟ್ಟು ಎಂದು ಮೂರು ವರ್ಗಗಳಾಗಿ ವಿಂಗಡಿಸುವುದುಂಟು. ಆತನು ಇಂಗ್ಲಿಷನ್ನು ಎಷ್ಟು ಚೆನ್ನಾಗಿ ಬಲ್ಲನೆಂದೂ ಕೇಳುವರು. ತನ್ನ ಮನೆಮಾತನ್ನು ಎಷ್ಟು ಬಲ್ಲನೆಂದು ಮಾತ್ರ ಕೇಳುವವರಿಲ್ಲ. ಹೀಗಾಗಿ ಇಡೀ ಜೀವಮಾನವನ್ನು ಅರ್ಮೇನಿಯನ್ನಿನಲ್ಲಿಯೇ ಕಳೆದ ಎಪ್ಪತ್ತರ ಮುದುಕನಿಗೂ, ಊಟಕ್ಕೆ ಕರೆದಾಗ 'ಬಂದೆ' ಎನ್ನುವಷ್ಟನ್ನೇ ಅರಿತ ಏಳರ ಬಾಲಕನಿಗೂ ಒಂದೇ 'ಹೌದು'.

ಉದ್ಯಾನದಲ್ಲಿ ಒಬ್ಬ ವೃದ್ಧರ ಪರಿಚಯವಾಯಿತು. ಭೂಕಂಪವಾದ ಮರುವರ್ಷ ಬಂದವರಂತೆ. ತಮ್ಮ ಹರಕು ಇಂಗ್ಲಿಷಿನಲ್ಲಿ ಮೊಮ್ಮಗನನ್ನು ತೋರಿಸಿ ಹೇಳಿದರು: "ನಾನು ಹೇಳಿದ್ದೆಲ್ಲ ಅವನಿಗೆ ತಿಳಿಯುತ್ತದೆ. ಅವನು ಹೇಳಿದ್ದು ನನಗೆ ಅರ್ಧ ತಿಳಿಯುತ್ತದೆ." ಇಷ್ಟು ಹೇಳಿ ದಾಳವನ್ನು ಉರುಳಿಸಿದರು.

ಊರಿನವರು ಕೈಕಟ್ಟಿ ಕುಳಿತಿಲ್ಲ. ಸಾರ್ವಜನಿಕ ಶಾಲೆಗಳಲ್ಲಿ ಕೆಲವೆಡೆ ಅರ್ಮೇನಿಯನ್ ಭಾಷೆಯಲ್ಲಿಯೇ ಪಾಠಗಳು ನಡೆಯುತ್ತವೆ; ಪುಸ್ತಕಭಂಡಾರದಲ್ಲಿ ಅರ್ಮೇನಿಯನ್ ಗ್ರಂಥಗಳಿವೆ. ಆದರೂ ಅವರಲ್ಲಿಯೇ ಎರಡು ಬಗೆಯ ನುಡಿಯುಂಟು. ಲೆಬನಾನಿನಿಂದ ಬಂದವರದು ಪಶ್ಚಿಮದ್ದು, ಇರಾನಿನಿಂದಲೂ ಅರ್ಮೇನಿಯದಿಂದಲೂ ಬಂದವರದು ಪೂರ್ವದ್ದು. ಪಶ್ಚಿಮದ ನುಡಿಗೆ ಹೊಸನೀರನ್ನು ಕಳುಹಿಸುವ ಸ್ವಂತ ರಾಜ್ಯವಿಲ್ಲ. 2010ರಲ್ಲಿ ಯುನೆಸ್ಕೋ ಸಂಸ್ಥೆಯು ಅದನ್ನು ಅಪಾಯದಲ್ಲಿರುವ ಭಾಷೆಗಳ ಪಟ್ಟಿಯಲ್ಲಿ ಸೇರಿಸಿತು.

ನೀರು ನಿಂತರೆ ಏನಾಗುವುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಅದೇ ಸಂಸ್ಥಾನದ ಫ್ರೆಸ್ನೋ ಎಂಬಲ್ಲಿ 1880ರ ದಶಕದಿಂದಲೇ ಅರ್ಮೇನಿಯನರು ನೆಲೆಸಿದ್ದರು. 1908ರಲ್ಲಿ ಅಲ್ಲಿ ಹುಟ್ಟಿದ ವಿಲಿಯಂ ಸರೋಯನ್ ತನ್ನ ಜನರ ಕಥೆಗಳನ್ನು ಬರೆದು ಕೀರ್ತಿವಂತನಾದನು; ಬರೆದುದು ಇಂಗ್ಲಿಷಿನಲ್ಲಿ. ನಮಗೆ ಇನ್ನೂ ಹತ್ತಿರದ ಸಾಕ್ಷಿ ಬೇಕಾದರೆ ಮದರಾಸಿಗೆ, ಎಂದರೆ ಇಂದಿನ ಚೆನ್ನೈಗೆ, ಹೋಗಿ ನೋಡಬಹುದು. ಪ್ರಪಂಚದ ಮೊಟ್ಟಮೊದಲನೆಯ ಅರ್ಮೇನಿಯನ್ ಪತ್ರಿಕೆಯಾದ 'ಅಜ್ದರಾರ್' ಅಚ್ಚಾದುದು 1794ರಲ್ಲಿ ಆ ಪಟ್ಟಣದಲ್ಲಿ. 1772ರಲ್ಲಿ ಅವರು ಕಟ್ಟಿಸಿದ ದೇವಾಲಯವು ಅರ್ಮೇನಿಯನ್ ಬೀದಿಯಲ್ಲಿ ಇಂದಿಗೂ ನಿಂತಿದೆ. ಬೀದಿಗೆ ಹೆಸರುಳಿದಿದೆ; ಆ ಮಾತಿನಲ್ಲಿ ಆಡುವ ಮಕ್ಕಳು ಬೀದಿಯಲ್ಲಿಲ್ಲ.

ಈ ಯೋಚನೆಗಳನ್ನು ಹೊತ್ತು ಒಂದು ಸಂಜೆ ಮನೆಗೆ ಬಂದೆನು. ಆರು ವರ್ಷದ ಮೊಮ್ಮಗನನ್ನು ಪಕ್ಕದಲ್ಲಿ ಮಲಗಿಸಿಕೊಂಡು ಕಾಗಕ್ಕ ಗುಬ್ಬಕ್ಕನ ಕಥೆಯನ್ನು ಕನ್ನಡದಲ್ಲಿ ಹೇಳತೊಡಗಿದೆನು. ಮಳೆ ಬಂದು ಕಾಗೆಯ ಗೂಡು ಕೊಚ್ಚಿಹೋಯಿತೆಂದು ನಿಲ್ಲಿಸಿದಾಗ, ಮುಂದೇನಾಯಿತೆಂದು ಅವನು ಇಂಗ್ಲಿಷಿನಲ್ಲಿ ಕೇಳಿದನು. ನಾನು ಸುಮ್ಮನಿದ್ದೆನು. ಮತ್ತೆ ಇಂಗ್ಲಿಷಿನಲ್ಲಿಯೇ ಕೇಳಿದನು. ಮತ್ತೂ ಸುಮ್ಮನಿದ್ದೆನು. ಬಹಳ ಹೊತ್ತಿನ ಮೇಲೆ, ಎಲ್ಲಿಯೋ ಹುಡುಕಿ ತಂದವನಂತೆ, "ಆಮೇಲೆ?" ಎಂದನು.

ಸರ್ಕಾರದ ಪ್ರಶ್ನಪತ್ರವು ನನ್ನ ಮಗನ ಮನೆಗೆ ಬಂದರೆ, ಅವನು ಹುಡುಗನ ಹೆಸರಿನ ಮುಂದೆ 'ಹೌದು, ಕನ್ನಡ' ಎಂದೇ ಬರೆಯುವನು. ಅದು ಸುಳ್ಳಲ್ಲ. ಆದರೆ ಆ 'ಹೌದು' ಎಂಬುದು ನಿಂತಿರುವುದು ಆ ಒಂದು 'ಆಮೇಲೆ' ಎಂಬ ಮಾತಿನ ಮೇಲೆ ಎಂಬುದನ್ನು ಮನೆಯ ಹಿರಿಯರು ಮರೆಯದಿದ್ದರೆ ಸಾಕು. ಉಳಿದ ಕಥೆಯನ್ನು ಆ ರಾತ್ರಿ ನಾನು ಎರಡು ಸಲ ಹೇಳಿದೆನು.